ಮೌಂಟನ್ ಸ್ನೋಮೊಬೈಲ್ ಟ್ರ್ಯಾಕ್ ಬೇಗ ಸವೆಯದ ಹಾಗೆ, ಗಾಡಿ ಹಗುರವಾಗಿ ಓಡೋ ಹಾಗೆ ಮಾಡ್ಕೊಳ್ಳೋದು ಹೇಗೆ: ಶುರುವಿಂದ ಪೂರ್ತಿ ವಿವರ

ಗಟ್ಟಿ ಟ್ರೇಲ್ (ಸ್ನೋ ಗಟ್ಟಿಯಾಗಿರೋ ದಾರಿ) ಮೇಲೆ ಅರ್ಧ ಗಂಟೆ ಓಡ್ಸಿ ಗಾಡಿ ನಿಲ್ಸಿದ ತಕ್ಷಣ ಕೆಳಗಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು ಅಂದ್ರೆ ಅದು ಸ್ಲೈಡ್, ಅಂದ್ರೆ ಗಾಡಿ ಓಡಿಸೋ ರಬ್ಬರ್ ಪಟ್ಟಿ (ಟ್ರ್ಯಾಕ್) ಜಾರೋ ಪ್ಲಾಸ್ಟಿಕ್, ಕರಗ್ತಾ ಇರೋ ವಾಸನೆ. ಇಂಜಿನ್ನು, ಕ್ಲಚ್ಚು, ಸೈಲೆನ್ಸರ್ರು ಅಂತ ನಾವು ಎಷ್ಟು ತಲೆ ಕೆಡಿಸ್ಕೋತೀವೋ ಅದರಲ್ಲಿ ಕಾಲು ಭಾಗ ಕೂಡ ಟ್ರ್ಯಾಕ್ ಒಳಗೆ ಕೂತಿರೋ ಸಸ್ಪೆನ್ಷನ್ ಚೌಕಟ್ಟು, ಅಂದ್ರೆ ಈ ಸ್ಕಿಡ್ ಬಗ್ಗೆ ಕೆಡಿಸ್ಕೊಳ್ಳಲ್ಲ, ಆದ್ರೆ ಇಂಜಿನ್ ಕೊಡೋ ಶಕ್ತಿಯೆಲ್ಲಾ ಸ್ನೋ ಮುಟ್ಟೋದು ಇದೇ ದಾರೀಲಿ, ಇಲ್ಲಿ ತಿಕ್ಕಾಟ ಜಾಸ್ತಿ ಆದ್ರೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಕ್ಲಚ್ ಬೆಲ್ಟ್ ಬಿಸಿ ಆಗತ್ತೆ, ಸ್ಲೈಡ್ ಹೋಗತ್ತೆ, ಕೊನೆಗೆ ಟ್ರ್ಯಾಕೇ ಹೋಗತ್ತೆ. ನಾನು ಮೊದಲ ಸೀಸನ್ನಲ್ಲೇ ಒಂದು ಜೊತೆ ಹೊಸ ಸ್ಲೈಡ್ ಪೂರ್ತಿ ತಿಂದು ಹಾಕಿದ್ದೆ, ಕಾರಣ ನೋಡಿದ್ರೆ ಟ್ರ್ಯಾಕ್ ವಿಪರೀತ ಬಿಗಿಯಾಗಿತ್ತು ಅಷ್ಟೇ. ಹಾಗಾಗಿ ಈ ಕೆಲಸಗಳನ್ನ ಯಾವ ಆರ್ಡರಲ್ಲಿ ಮಾಡಬೇಕು ಅಂತ ಬರೀತಾ ಇದೀನಿ, ಖರ್ಚಿಲ್ಲದ ಕೆಲಸ ಮೊದಲು, ಪಾರ್ಟ್ಸ್ ತಗೊಳ್ಳೋದು ಆಮೇಲೆ.

ಮೊದಲು ತಿಕ್ಕಾಟ ಎಲ್ಲಿ ಆಗತ್ತೆ ಅಂತ ತಿಳ್ಕೊಳ್ಳಿ

ಸ್ಕಿಡ್ಡಲ್ಲಿ ಎರಡು ಅಲ್ಯೂಮಿನಿಯಂ ರೈಲ್ ಇರತ್ತೆ, ಅದರ ತಳಕ್ಕೆ ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ಸಿಕ್ಸಿರ್ತಾರೆ, ಅದನ್ನೇ ಸ್ಲೈಡ್ ಅಥವಾ ಹೈಫ್ಯಾಕ್ಸ್ ಅನ್ನೋದು. ಸಾಮಾನ್ಯವಾಗಿ ಅದು ಅಲ್ಟ್ರಾ ಹೈ ಮಾಲಿಕ್ಯುಲರ್ ವೇಟ್ ಪಾಲಿಎಥಿಲೀನ್, ಸ್ಕೀ ಹಲಗೆಗಳ ತಳಕ್ಕೆ ಹಾಕೋದೂ ಇದೇ ಜಾತಿ ಪ್ಲಾಸ್ಟಿಕ್ಕು, ಮಂಡಿ ಸೊಂಟದ ಕೃತಕ ಕೀಲುಗಳಲ್ಲಿ ಬಳಸೋದೂ ಇದನ್ನೇ. ಟ್ರ್ಯಾಕ್ ಒಳಗಡೆ ಸಾಲಾಗಿ ಲೋಹದ ಕ್ಲಿಪ್ ಇರತ್ತೆ, ಗಾಡಿ ಓಡುವಾಗ ಆ ಕ್ಲಿಪ್ಪುಗಳು ಸ್ಲೈಡ್ ಮೇಲೆ ಜಾರ್ತಾ ಹೋಗತ್ತೆ. ಇವೆರಡರ ನಡುವೆ ಎಣ್ಣೆ ಗ್ರೀಸ್ ಏನೂ ಇಲ್ಲ, ಇರೋದು ಸ್ನೋ ಮಾತ್ರ. ಸ್ನೋ ಕರಗಿ ತೆಳ್ಳಗೆ ನೀರಿನ ಪದರ ಆಗತ್ತಲ್ಲ, ಅದೇ ಇಲ್ಲಿ ಎಣ್ಣೆ, ಅದೇ ಕೂಲಿಂಗು. ಅದು ಸಿಗಲಿಲ್ಲ ಅಂದ್ರೆ ಬಿಸಿ ಏರತ್ತೆ, ಈ ಪ್ಲಾಸ್ಟಿಕ್ ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟ್ತಾ ಇದ್ದ ಹಾಗೆ ಕರಗೋಕೆ ಶುರು ಆಗತ್ತೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 165 ಇಂಚಿನ ಟ್ರ್ಯಾಕ್ ಅಂದ್ರೆ ಸುಮಾರು 4.2 ಮೀಟರ್ ಉದ್ದದ ಪಟ್ಟಿ. ಗಂಟೆಗೆ 80 ಕಿ.ಮೀ. ಸ್ಪೀಡಲ್ಲಿ ಅದು ಸೆಕೆಂಡಿಗೆ 5 ಸುತ್ತಿಗಿಂತ ಜಾಸ್ತಿ ಸುತ್ತತ್ತೆ. 3 ಇಂಚ್ ಪಿಚ್ (ಸಾಲಿಂದ ಸಾಲಿಗೆ ಇರೋ ದೂರ) ಟ್ರ್ಯಾಕ್ ಆಗಿದ್ದು ಪ್ರತಿ ಕಿಟಕಿಗೂ (ಟ್ರ್ಯಾಕಲ್ಲಿರೋ ತೂತು) ಕ್ಲಿಪ್ ಇದ್ರೆ ಸ್ಲೈಡಿನ ಯಾವುದೇ ಒಂದು ಜಾಗದ ಮೇಲೆ ಸೆಕೆಂಡಿಗೆ ಸುಮಾರು 290 ಕ್ಲಿಪ್ ಉಜ್ಜಿಕೊಂಡು ಹೋಗತ್ತೆ. ಒಣಗಿದ್ರೆ ಏನಾಗಬಹುದು ಅಂತ ನೀವೇ ಯೋಚ್ನೆ ಮಾಡಿ.

ಮೌಂಟನ್ ಗಾಡಿಗಳಿಗೆ ಈ ಕಾಟ ಇನ್ನೂ ಜಾಸ್ತಿ, ಯಾಕಂದ್ರೆ ತೂಕ ಕಮ್ಮಿ ಮಾಡೋಕೆ ಅಂತ ಟ್ರ್ಯಾಕ್ ಒಳಗೆ ಉರುಳೋ ಸಣ್ಣ ಬೋಗಿ ವೀಲ್‌ಗಳನ್ನ ಆದಷ್ಟು ಕಮ್ಮಿ ಹಾಕಿರ್ತಾರೆ, ಭಾರ ಎಲ್ಲಾ ಸ್ಲೈಡ್ ಮೇಲೇ ಬೀಳತ್ತೆ, ಲಗ್ (ಟ್ರ್ಯಾಕ್ ಹೊರಗಡೆ ಸ್ನೋ ಹಿಡಿಯೋ ರಬ್ಬರ್ ಹಲ್ಲು) ಎರಡೂವರೆಯಿಂದ 3 ಇಂಚ್ ಉದ್ದ, ರಬ್ಬರ್ ಮೆತ್ತಗೆ. ಆಳವಾದ ಪೌಡರಲ್ಲಿ, ಅಂದ್ರೆ ಪುಡಿಪುಡಿ ಮೆತ್ತನೆ ಸ್ನೋನಲ್ಲಿ, ಇದೆಲ್ಲಾ ವರದಾನ. ಅಲ್ಲಿಗೆ ಹೋಗಿ ಬರೋ ಗಟ್ಟಿ ಟ್ರೇಲಲ್ಲೇ ಎಲ್ಲಾ ಹಾಳಾಗೋದು.

1. ಗಾಡಿ ಎತ್ತಿ, ಕೈಯಲ್ಲಿ ತಿರುಗ್ಸಿ ನೋಡಿ

ಹಿಂದಿನ ಭಾಗವನ್ನ ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತಿ ಟ್ರ್ಯಾಕ್ ನೆಲ ಬಿಡಿಸಿ. ಇಂಜಿನ್ ಆಫ್, ಕೀ ಜೇಬಲ್ಲಿ. ಈಗ ಟ್ರ್ಯಾಕನ್ನ ಕೈಯಲ್ಲೇ ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗ್ಸಿ. ಒಂದೇ ಸಮ ತಿರುಗ್ತಾ ಇದ್ಯಾ, ಎಲ್ಲೋ ಒಂದು ಕಡೆ ಬಿಗಿ ಬರ್ತಾ ಇದ್ಯಾ, ಕರಕರ ಅಂತ ಸದ್ದು ಬರ್ತಾ ಇದ್ಯಾ ಗಮನಿಸಿ. ಹಾಗೇ ಒಂದೊಂದು ಕ್ಲಿಪ್ಪೂ ನೋಡ್ತಾ ಹೋಗಿ. ಕ್ಲಿಪ್ ಬಿದ್ದುಹೋಗಿರೋ ಜಾಗದಲ್ಲಿ ಬರೀ ರಬ್ಬರ್ ಸ್ಲೈಡಿಗೆ ಉಜ್ಜತ್ತೆ, ಬಾಗಿರೋ ಕ್ಲಿಪ್ ಆದ್ರೆ ಚಾಕು ತರ ಸ್ಲೈಡ್ ಹೆರೀತಾ ಇರತ್ತೆ. ಹೊಸ ಕ್ಲಿಪ್ ಹಾಕೋಕೆ ಅದಕ್ಕೇ ಅಂತ ಟೂಲ್ ಸಿಗತ್ತೆ, ಸುತ್ತಿಗೇಲಿ ಹೊಡ್ದು ಕೂರ್ಸೋಕೆ ಹೋಗ್ಬೇಡಿ, ವಂಕಾಗಿ ಕೂರತ್ತೆ.

ಇನ್ನೊಂದು ವಿಷ್ಯ ತುಂಬಾ ಜನ ನೋಡೋದೇ ಇಲ್ಲ. ಸ್ಲೈಡ್ ಒಂದು ಸಲ ಕರಗಿತ್ತು ಅಂದ್ರೆ ಆ ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ಮೆತ್ಕೊಂಡು ಗಟ್ಟಿಯಾಗಿರತ್ತೆ. ಆಮೇಲೆ ಹೊಸ ಸ್ಲೈಡ್ ಹಾಕಿದ್ರೂ ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಉಜ್ಜತ್ತೆ, ಮತ್ತೆ ಬೇಗ ಬಿಸಿ ಆಗತ್ತೆ. ಒಂದು ಸ್ಕ್ರೇಪರ್ ತಗೊಂಡು ಒಂದೊಂದೇ ಕ್ಲಿಪ್ ಕೆರೆದು ತೆಗೀರಿ. ಬೇಜಾರಿನ ಕೆಲಸ ನಿಜ, ಆದ್ರೆ ಬಿಡೋ ಹಾಗಿಲ್ಲ.

ಲಗ್ ತುದಿ ಸ್ವಲ್ಪ ಹರಿದಿದ್ರೆ ಚೂಪು ಚಾಕುವಲ್ಲಿ ನೀಟಾಗಿ ಕತ್ತರಿಸಿ, ಇಲ್ಲಾಂದ್ರೆ ಹರಿದಿದ್ದು ಇನ್ನೂ ಮುಂದುವರಿಯತ್ತೆ. ರಬ್ಬರ್ ಒಳಗಿರೋ ಫೈಬರ್‌ಗ್ಲಾಸ್ ಕಡ್ಡಿಗಳು ಮುರಿದಿದ್ರೆ ಟ್ರ್ಯಾಕ್ ಆ ಜಾಗದಲ್ಲಿ ಅಡ್ಡಡ್ಡ ಮಡಿಸಿದ ಹಾಗೆ ಬಳುಕತ್ತೆ, ಅಂಥದ್ದು ಸಾಲಾಗಿ ಕಂಡ್ರೆ ರಿಪೇರಿ ಬಗ್ಗೆ ಯೋಚ್ನೆ ಮಾಡೋದು ಬೇಡ, ಟ್ರ್ಯಾಕ್ ಬದಲಾಯಿಸೋ ಟೈಮ್ ಅದು.

2. ಟೆನ್ಷನ್, ಅರ್ಧ ಸಮಸ್ಯೆ ಇಲ್ಲೇ ಇರೋದು

ಜೋತು ಬಿದ್ದಿರೋ ಟ್ರ್ಯಾಕ್ ನೋಡಿದ್ರೆ ಬಿಗಿ ಮಾಡೋಣ ಅಂತ ಕೈ ತುರಿಸತ್ತೆ. ಮಾಡ್ಬೇಡಿ. ಬಿಗಿಯಾದ ಟ್ರ್ಯಾಕ್ ಸ್ಲೈಡಿಗೆ ಒತ್ಕೊಂಡೇ ಇರತ್ತೆ, ವೀಲ್ ಬೇರಿಂಗಿಗೂ ಡ್ರೈವ್ ಶಾಫ್ಟ್ ಬೇರಿಂಗಿಗೂ ಯಾವಾಗ್ಲೂ ಭಾರ, ರಬ್ಬರ್ ಹಿಗ್ಗತ್ತೆ, ಇಂಜಿನ್ ಶಕ್ತಿ ಟ್ರ್ಯಾಕ್ ತಿರುಗ್ಸೋಕೇ ಖರ್ಚಾಗತ್ತೆ. ತೀರಾ ಸಡಿಲ ಆದ್ರೂ ಕಷ್ಟ, ಡ್ರೈವರ್, ಅಂದ್ರೆ ಟ್ರ್ಯಾಕ್ ತಿರುಗ್ಸೋ ಹಲ್ಲಿನ ಚಕ್ರ, ಅದರ ಹಲ್ಲು ಒಂದರಿಂದ ಇನ್ನೊಂದಕ್ಕೆ ಹಾರತ್ತೆ, ಜೋರಾಗಿ ಬ್ರೇಕ್ ಹಿಡಿದಾಗ ಅಥವಾ ಗಟ್ಟಿಯಾಗಿ ಆಕ್ಸಿಲರೇಟರ್ ಕೊಟ್ಟಾಗ ಟಕಟಕ ಅಂತ ಸದ್ದು ಬರತ್ತೆ, ಅದೇ ರ್ಯಾಚೆಟಿಂಗ್, ಅದು ಡ್ರೈವರನ್ನೂ ಟ್ರ್ಯಾಕಿನ ಹಲ್ಲನ್ನೂ ಎರಡನ್ನೂ ತಿನ್ನತ್ತೆ. ನನ್ನ ಅಭಿಪ್ರಾಯ ಏನಂದ್ರೆ ಮ್ಯಾನ್ಯುಯಲ್ ಕೊಟ್ಟಿರೋ ರೇಂಜಲ್ಲಿ ಸಡಿಲದ ಕಡೆ ತುದೀಲಿ ಇಟ್ಕೊಳ್ಳಿ, ರ್ಯಾಚೆಟಿಂಗ್ ಇಲ್ಲದೇ ಇರೋವರೆಗೂ ಅದೇ ಸರಿ.

ಅಳೆಯೋದು ಹೀಗೆ: ಗಾಡಿ ಎತ್ತಿರುವಾಗ ಟ್ರ್ಯಾಕಿನ ಕೆಳಭಾಗಕ್ಕೆ ಮ್ಯಾನ್ಯುಯಲ್ ಹೇಳಿರೋ ಜಾಗದಲ್ಲಿ ಹೇಳಿರೋ ತೂಕ ನೇತು ಹಾಕಿ, ಸ್ಲೈಡಿನ ತಳದಿಂದ ಕ್ಲಿಪ್‌ವರೆಗೂ ಎಷ್ಟು ಗ್ಯಾಪ್ ಬಂತು ಅಂತ ಸ್ಕೇಲಲ್ಲಿ ನೋಡೋದು. ಇಲ್ಲಿ ಒಂದು ಎಚ್ಚರಿಕೆ, ಕೆಲವು ಕಂಪನಿ 10 ಪೌಂಡ್ ಅಂದ್ರೆ ಸುಮಾರು 4.5 ಕೆ.ಜಿ. ತೂಕ ಹಾಕಿ ಅನ್ನತ್ತೆ, ಕೆಲವು 7.3 ಕೆ.ಜಿ. ಬಲ ಹಾಕಿ ಎಳೀರಿ ಅನ್ನತ್ತೆ, ಅಳೆಯೋ ಜಾಗನೂ ಬೇರೆ ಬೇರೆ. ಹಾಗಾಗಿ ಫ್ರೆಂಡ್ ಹೇಳಿದ ಮಿಲಿಮೀಟರ್ ನಂಬರನ್ನ ನಿಮ್ಮ ಗಾಡಿಗೆ ಹಾಕಿದ್ರೆ ಪೂರ್ತಿ ತಪ್ಪಾಗಬಹುದು, ತೂಕ, ಜಾಗ, ಗ್ಯಾಪ್ ಮೂರೂ ಒಂದೇ ಪುಸ್ತಕದ್ದಾಗಿರ್ಬೇಕು.

ಸರಿ ಮಾಡೋಕೆ ಹಿಂದಿನ ಆಕ್ಸಲ್ ಬೋಲ್ಟನ್ನ ಸಡಿಲ ಮಾಡಿ, ಎರಡೂ ಕಡೆ ಅಡ್ಜಸ್ಟರ್ ಬೋಲ್ಟನ್ನ ಅರ್ಧರ್ಧ ಸುತ್ತು ಸಮನಾಗಿ ತಿರುಗ್ಸಿ, ಟ್ರ್ಯಾಕನ್ನ ಕೈಯಲ್ಲಿ ಎರಡು ಮೂರು ಸುತ್ತು ತಿರುಗ್ಸಿ ಮತ್ತೆ ಅಳೀರಿ. ಸ್ಕಿಡ್ ಒಳಗೆ ಐಸ್ ಕಟ್ಟಿರುವಾಗ ಅಳೆದ್ರೆ ಲೆಕ್ಕಕ್ಕಿಲ್ಲ. ಹೊಸ ಟ್ರ್ಯಾಕ್ ಮೊದಲ ಕೆಲವು ರೈಡಲ್ಲಿ ಹಿಗ್ಗತ್ತೆ, ಅಲ್ಲೀವರೆಗೂ ಪ್ರತಿ ರೈಡ್ ಆದ್ಮೇಲೂ ಒಂದು ಸಲ ನೋಡಿ. ಮತ್ತೆ ಇದು ನೆನಪಿರ್ಲಿ, ಸವೆದ ಸ್ಲೈಡ್ ತೆಗೆದು ಹೊಸದು ಹಾಕಿದ್ರೆ ಸ್ಲೈಡ್ ದಪ್ಪ ಜಾಸ್ತಿ ಆಗಿರತ್ತೆ, ಟ್ರ್ಯಾಕ್ ತಾನಾಗೇ ಬಿಗಿ ಆಗತ್ತೆ, ಟೆನ್ಷನ್ ಮತ್ತೆ ಸೆಟ್ ಮಾಡ್ಲೇಬೇಕು. ನಾನು ಮೊದಲ ಸೀಸನ್ನಲ್ಲಿ ಎಡವಿದ್ದು ಇಲ್ಲೇ.

3. ಅಲೈನ್ಮೆಂಟ್

ಟೆನ್ಷನ್ ಆದ ತಕ್ಷಣ ಇದು. ಈ ಹೆಜ್ಜೇಲಿ ಇಂಜಿನ್ ಆನ್ ಮಾಡ್ಬೇಕು ಹಾಗಾಗಿ ಹಿಂದೆ ಯಾರೂ ನಿಲ್ಲೋ ಹಾಗಿಲ್ಲ, ಸ್ನೋ ಫ್ಲ್ಯಾಪ್ (ಗಾಡಿ ಹಿಂದೆ ನೇತಾಡೋ ಪರದೆ) ಇರ್ಲೇಬೇಕು, ತಿರುಗ್ತಾ ಇರೋ ಟ್ರ್ಯಾಕಿಂದ ಕ್ಲಿಪ್ಪೋ ಲಗ್ ತುಂಡೋ ಕಲ್ಲೋ ಹಾರಿ ಬಂದ್ರೆ ಗುಂಡಿನ ಹಾಗೆ ಬರತ್ತೆ. ಸ್ಕೀಗಳನ್ನ ಯಾವುದಕ್ಕಾದ್ರೂ ಒತ್ತಿಸಿ ಗಾಡಿ ಮುಂದೆ ಹೋಗದ ಹಾಗೆ ಮಾಡ್ಕೊಳ್ಳಿ. ಟ್ರ್ಯಾಕ್ ನಿಧಾನಕ್ಕೆ ತಿರುಗೋ ಅಷ್ಟು ಮಾತ್ರ ಆಕ್ಸಿಲರೇಟರ್ ಕೊಟ್ಟು ತಾನಾಗೇ ನಿಲ್ಲೋಕೆ ಬಿಡಿ, ಬ್ರೇಕ್ ಹಿಡಿದ್ರೆ ಟ್ರ್ಯಾಕ್ ಪಕ್ಕಕ್ಕೆ ಸರಿದು ತಪ್ಪು ಲೆಕ್ಕ ಬರತ್ತೆ. ಇಂಜಿನ್ ಆಫ್ ಮಾಡಿ ಆಮೇಲೆ ಟ್ರ್ಯಾಕ್ ಒಳಗಿನ ಗೈಡ್ ಹಲ್ಲುಗಳಿಗೂ ಸ್ಲೈಡಿಗೂ ಎಡಕ್ಕೆಷ್ಟು ಬಲಕ್ಕೆಷ್ಟು ಗ್ಯಾಪ್ ಇದೆ ನೋಡಿ. ಎರಡೂ ಸಮ ಇರ್ಬೇಕು. ಟ್ರ್ಯಾಕ್ ಎಡಕ್ಕೆ ಎಳೀತಾ ಇದ್ರೆ ಎಡಗಡೆ ಅಡ್ಜಸ್ಟರ್ ಕಾಲು ಸುತ್ತು ಬಿಗಿ ಮಾಡಿ ಅಥವಾ ಬಲಗಡೇದು ಅಷ್ಟೇ ಸಡಿಲ ಮಾಡಿ, ಬಲಕ್ಕೆ ಎಳೆದ್ರೆ ಇದರ ಉಲ್ಟಾ. ಎರಡರಲ್ಲಿ ಯಾವುದು ಮಾಡ್ಬೇಕು ಅನ್ನೋದು ಆಗ ಟೆನ್ಷನ್ ಎಷ್ಟಿದೆ ಅನ್ನೋದರ ಮೇಲೆ ನಿಂತಿದೆ. ಸಮ ಬಂದ್ಮೇಲೆ ಆಕ್ಸಲ್ ಬೋಲ್ಟನ್ನ ಟಾರ್ಕ್ ರೆಂಚಲ್ಲಿ ಮ್ಯಾನ್ಯುಯಲ್ ನಂಬರಿಗೆ ಬಿಗೀರಿ, ಬಿಗಿದ್ಮೇಲೆ ಇನ್ನೊಂದು ಸಲ ತಿರುಗ್ಸಿ ನೋಡಿ, ಬಿಗಿಯುವಾಗ ಆಕ್ಸಲ್ ಒಂಚೂರು ಸರಿಯೋದುಂಟು.

4. ಸ್ಲೈಡ್ ಓದೋದು, ಬದಲಾಯಿಸೋದು

ಓದೋದು ಅಂತ ಬೇಕಂತಲೇ ಬರ್ದೆ, ಯಾಕಂದ್ರೆ ಸ್ಲೈಡ್ ಎಲ್ಲಿ ಸವೆದಿದೆ ಅನ್ನೋದೇ ಕಾಯಿಲೆ ಏನು ಅಂತ ಹೇಳತ್ತೆ. ಉದ್ದಕ್ಕೂ ಸಮನಾಗಿ ಸವೆದಿದ್ರೆ ಅದು ವಯಸ್ಸು. ರೈಲ್ ಮುಂದೆ ಮೇಲಕ್ಕೆ ಬಾಗೋ ಜಾಗದಲ್ಲಿ ಮಾತ್ರ ಜಾಸ್ತಿ ಸವೆದಿದ್ರೆ ಟ್ರ್ಯಾಕ್ ಬಿಗಿ ಇರ್ಬಹುದು, ಇಲ್ಲಾ ಮುಂದಿನ ಟ್ರ್ಯಾಕ್ ಶಾಕಿನ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲೇ ಒತ್ತಿಟ್ಟಿರೋ ಬಿಗಿ) ಜಾಸ್ತಿ ಇರ್ಬಹುದು. ಒಂದು ಪಕ್ಕ ಮಾತ್ರ ತಿಂದಿದ್ರೆ ಅಲೈನ್ಮೆಂಟ್. ಮಧ್ಯ ಎಲ್ಲೋ ಒಂದೇ ಜಾಗದಲ್ಲಿ ಗುಳಿ ಬಿದ್ದಿದ್ರೆ ರೈಲ್ ಬಾಗಿದ್ಯಾ ಅಂತ ನೇರವಾದ ಪಟ್ಟಿ ಇಟ್ಟು ನೋಡಿ, ಕಲ್ಲಿಗೋ ಮರದ ಬುಡಕ್ಕೋ ಹೊಡೆದಿದ್ದು ನಿಮಗೆ ಮರೆತಿರತ್ತೆ, ರೈಲಿಗೆ ಮರೆತಿರಲ್ಲ.

ತುಂಬಾ ಸ್ಲೈಡ್‌ಗಳಲ್ಲಿ ಪಕ್ಕದಲ್ಲಿ ಸವೆತದ ಗೆರೆ ಇರತ್ತೆ, ಎಲ್ಲೇ ಒಂದು ಕಡೆ ಆ ಗೆರೆ ಮುಟ್ಟಿದ್ರೂ ಎರಡೂ ಸ್ಲೈಡ್ ಒಟ್ಟಿಗೆ ಬದಲಾಯ್ಸಿ. ಇನ್ನೊಂದು ರೈಡ್ ಆಗ್ಲಿ ಅಂತ ತಳ್ಳಿದ್ರೆ ಕ್ಲಿಪ್ ನೇರವಾಗಿ ಅಲ್ಯೂಮಿನಿಯಂ ರೈಲಿಗೆ ಉಜ್ಜೋಕೆ ಶುರು ಆಗತ್ತೆ, ಸ್ಲೈಡ್ ಬೆಲೇಲಿ ಮುಗೀಬೇಕಿದ್ದ ಕೆಲಸ ರೈಲ್ ಬೆಲೆಗೆ ಹೋಗತ್ತೆ.

ಬದಲಾಯಿಸೋಕೆ ಟ್ರ್ಯಾಕ್ ಟೆನ್ಷನ್ ಪೂರ್ತಿ ಬಿಡಿ, ಗಾಡಿ ಪಕ್ಕಕ್ಕೆ ಮಲಗ್ಸಿ, ಮಲಗ್ಸೋಕೆ ಮುಂಚೆ ಪೆಟ್ರೋಲು ಆಯಿಲ್ ಸೋರಲ್ವಾ ಅಂತ ನೋಡ್ಕೊಳ್ಳಿ. ಸ್ಲೈಡನ್ನ ಸಾಮಾನ್ಯವಾಗಿ ರೈಲ್ ಮುಂದಿನ ತುದೀಲಿ ಒಂದು ಸ್ಕ್ರೂ ಹಿಡಿದಿರತ್ತೆ. ಅದನ್ನ ತೆಗೆದು ಮರದ ತುಂಡು ಇಟ್ಟು ಸುತ್ತಿಗೇಲಿ ಹಿಂದಕ್ಕೆ ತಟ್ಟುತ್ತಾ ಜಾರಿಸಿ. ಕರಗಿ ಅಂಟ್ಕೊಂಡಿದ್ರೆ ಇದು ಬೆವರು ಇಳಿಸೋ ಕೆಲಸ. ತೆಗೆದ್ಮೇಲೆ ರೈಲ್ ಅಂಚಲ್ಲಿ ಎದ್ದಿರೋ ಚೂಪುಗಳನ್ನ ಫೈಲ್ ಹಾಕಿ ಸಮ ಮಾಡಿ, ಒರೆಸಿ, ಹೊಸ ಸ್ಲೈಡಿಗೆ ಸೋಪು ನೀರು ಹಚ್ಚಿ ಹಿಂದಿನಿಂದ ಮುಂದಕ್ಕೆ ತೂರ್ಸಿ, ಟ್ರ್ಯಾಕ್ ಅಡ್ಡ ಬಂದ್ರೆ ಕಿಟಕಿ ಒಳಗಿಂದ ದಾರಿ ಮಾಡ್ಕೊಳ್ಳಿ. ಎಣ್ಣೆ ಗ್ರೀಸ್ ಬೇಡ, ರಬ್ಬರಿಗೆ ಒಳ್ಳೇದಲ್ಲ. ಕೆಲವರು ಓಡೋವಾಗ್ಲೂ ಜಾರ್ಲಿ ಅಂತ ಸ್ಲೈಡಿಗೆ ಸ್ಪ್ರೇ ಹೊಡೀತಾರೆ, ಸಿಲಿಕಾನ್ ಸ್ಪ್ರೇ ಗ್ಯಾರೇಜಿಂದ ಸ್ನೋವರೆಗೂ ತಳ್ಕೊಂಡು ಹೋಗೋಕೆ ಸಹಾಯ ಆಗಬಹುದು, ಟ್ರೇಲಲ್ಲಿ ಸ್ವಲ್ಪ ಹೊತ್ತಲ್ಲೇ ಉಜ್ಜಿ ಹೋಗಿರತ್ತೆ.

ಗ್ರ್ಯಾಫೈಟ್ ಸೇರಿಸಿದ ಸ್ಲೈಡ್ ಸಿಗತ್ತೆ, ಬಿಸಿ ತಡೆಯೋ ಗಟ್ಟಿ ವಸ್ತುವಿನ ತುಂಡುಗಳನ್ನ ಅಲ್ಲಲ್ಲಿ ಕೂರಿಸಿರೋ ಸ್ಲೈಡೂ ಸಿಗತ್ತೆ. ಸ್ನೋ ಕಮ್ಮಿ ಇರೋ ಟ್ರೇಲ್ ಜಾಸ್ತಿ ಓಡಿಸೋರಿಗೆ ಎರಡನೇದು ಉಪಯೋಗಕ್ಕೆ ಬರತ್ತೆ. ಆದ್ರೆ ಟೆನ್ಷನ್ ತಪ್ಪಾಗಿದ್ರೆ ಯಾವ ಸ್ಲೈಡ್ ಹಾಕಿದ್ರೂ ಅಷ್ಟೇ.

5. ಐಸ್ ಸ್ಕ್ರ್ಯಾಚರ್ ಹಾಕ್ಸಿ

ಇನ್ನೂ ಹಾಕ್ಸಿಲ್ಲ ಅಂದ್ರೆ ಮೊದಲು ದುಡ್ಡು ಖರ್ಚು ಮಾಡ್ಬೇಕಾಗಿರೋದು ಇದಕ್ಕೇ. ರೈಲಿಗೆ ಬೋಲ್ಟ್ ಮಾಡೋ ಸಣ್ಣ ಬಾಲದಂಥದ್ದು, ತುದಿ ಗಟ್ಟಿ ನೆಲನ ಕೆರೀತಾ ಐಸ್ ಪುಡಿನ ಮೇಲಕ್ಕೆ ಹಾರಿಸತ್ತೆ, ಆ ಪುಡಿ ಸ್ಲೈಡಿಗೂ ಬೀಳತ್ತೆ, ಟನಲ್ (ಟ್ರ್ಯಾಕ್ ಮೇಲಿನ ಹೊದಿಕೆ) ಒಳಗಿರೋ ಇಂಜಿನ್ ಕೂಲರಿಗೂ ಬೀಳತ್ತೆ. ಇಂಜಿನ್ ತಣ್ಣಗಿರೋದೂ ಸ್ಲೈಡ್ ತಣ್ಣಗಿರೋದೂ ಒಂದೇ ಸ್ನೋದಿಂದ, ಹಾಗಾಗಿ ಕೂಲಂಟ್ ಟೆಂಪರೇಚರ್ ಏರ್ತಾ ಇದೆ ಅಂದ್ರೆ ಕೆಳಗೆ ಸ್ಲೈಡೂ ಬಾಯಾರಿದೆ ಅಂತಲೇ ಅರ್ಥ.

ಸ್ಪ್ರಿಂಗ್ ಕಬ್ಬಿಣದ್ದು ಇದೆ, ಕೇಬಲ್‌ದು ಇದೆ. ಕಬ್ಬಿಣದ್ದು ಚೆನ್ನಾಗಿ ಕೆರೆಯತ್ತೆ ಆದ್ರೆ ಕೆಲವು ಮಾಡೆಲ್ ಕೆಳಗೆ ಇಳಿಸಿರುವಾಗ ರಿವರ್ಸ್ ಹೋದ್ರೆ ಬಾಗತ್ತೆ, ಮುರಿಯತ್ತೆ. ಕೇಬಲ್‌ದು ಆ ಕಡೆ ಈ ಕಡೆ ಬಳುಕತ್ತೆ ಹಾಗಾಗಿ ಬೆಟ್ಟದಲ್ಲಿ ಹಿಂದೆ ಮುಂದೆ ಮಾಡೋ ಗಾಡಿಗೆ ನಾನು ಅದನ್ನೇ ಹೇಳೋದು. ಪೌಡರಿಗೆ ಹೋದ ತಕ್ಷಣ ಎತ್ತಿ ಕೊಕ್ಕೆಗೆ ಸಿಕ್ಸಿ. ವಾಪಸ್ ಟ್ರೇಲಿಗೆ ಬಂದಾಗ ಇಳಿಸೋದು ಮರೀಬೇಡಿ, ಇದೊಂದು ಅಭ್ಯಾಸ ಆಗ್ಬೇಕು ಅಷ್ಟೇ.

6. ವೀಲು, ಬೇರಿಂಗು

ಪ್ರತಿ ವೀಲನ್ನೂ ಕೈಯಲ್ಲಿ ತಿರುಗ್ಸಿ ಅಲ್ಲಾಡ್ಸಿ. ಗರಗರ ಅಂದ್ರೆ ಅಥವಾ ಆಟ ಇದ್ರೆ ಬೇರಿಂಗ್ ಹೋಗಿದೆ. ನಂಬರ್ ಬೇರಿಂಗ್ ಮೇಲೇ ಬರೆದಿರತ್ತೆ, ಅದೇ ನಂಬರಿನ ಎರಡೂ ಕಡೆ ರಬ್ಬರ್ ಸೀಲ್ ಇರೋದನ್ನ ತಗೊಳ್ಳಿ. ಕೂರ್ಸುವಾಗ ಹೊರಗಿನ ರಿಂಗಿಗೆ ಮಾತ್ರ ಒತ್ತಡ ಬೀಳ್ಬೇಕು, ಒಳಗಿನ ರಿಂಗ್ ಮೇಲೆ ಹೊಡೆದ್ರೆ ಹೊಸ ಬೇರಿಂಗ್ ಅಲ್ಲೇ ಹಾಳು. ಗಾಡಿ ತೊಳೀವಾಗ ಪ್ರೆಷರ್ ವಾಷರ್ ನೇರವಾಗಿ ಬೇರಿಂಗ್ ಕಡೆ ಹಿಡೀಬೇಡಿ, ಸೀಲ್ ದಾಟಿ ನೀರು ಒಳಗೆ ಹೋಗತ್ತೆ. ಸ್ಕಿಡ್ಡಿನ ತೋಳುಗಳಿಗೆ ಗ್ರೀಸ್ ನಿಪ್ಪಲ್ ಇದ್ರೆ ಚಳಿಗೆ ಗಟ್ಟಿಯಾಗದ ಗ್ರೀಸ್ ಹೊಡೀತಾ ಇರಿ.

ಎಕ್ಸ್‌ಟ್ರಾ ಬೋಗಿ ವೀಲ್ ಬೇಕಾ? ದಿನದ ಓಟದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಗಟ್ಟಿ ಟ್ರೇಲ್ ಇದ್ರೆ ಹಾಕ್ಸಿ ಅಂತೀನಿ. ಸ್ಲೈಡ್ ಎಲ್ಲಿ ಜಾಸ್ತಿ ಸವೀತಾ ಇದೆಯೋ ಅಲ್ಲಿ ಒಂದು ಜೊತೆ, ಭಾರ ವೀಲ್ ಮೇಲೆ ಹೋಗಿ ಸ್ಲೈಡ್ ಹಗುರ ಆಗತ್ತೆ. ತೂಕ ಸ್ವಲ್ಪ ಹೆಚ್ಚತ್ತೆ, ಪೌಡರಲ್ಲಿ ಅದಕ್ಕೆ ಐಸ್ ಕಟ್ಟತ್ತೆ, ಅದು ಕೊಡಬೇಕಾದ ಬೆಲೆ. ಹಿಂದಿನ ವೀಲನ್ನ ದೊಡ್ಡದು ಮಾಡೋ ಕಿಟ್ ಕೂಡ ಬರತ್ತೆ, ಅದರ ಹಿಂದಿನ ಲೆಕ್ಕ ಸರಳ, ದಪ್ಪ ರಬ್ಬರ್ ಪಟ್ಟಿನ ಸಣ್ಣ ಸುತ್ತಲ್ಲಿ ಬಗ್ಗಿಸೋಕೆ ಜಾಸ್ತಿ ಶಕ್ತಿ ಬೇಕು, ದೊಡ್ಡ ಸುತ್ತಲ್ಲಿ ಕಮ್ಮಿ ಸಾಕು. ಹಾಕೋಕೆ ಮುಂಚೆ ಲಗ್ ತುದಿ ಟನಲ್ಲಿಗೋ ಕೂಲರಿಗೋ ತಾಗಲ್ಲ ಅಂತ ಸಸ್ಪೆನ್ಷನ್ ಪೂರ್ತಿ ಒತ್ತಿ ಅಳೆದು ನೋಡಿ.

7. ಡ್ರೈವರ್, ಬ್ರೇಕ್, ಶಾಕ್

ರಬ್ಬರ್ ಟ್ರ್ಯಾಕನ್ನ ಹಲ್ಲಿನ ಚಕ್ರದಿಂದ ತಿರುಗ್ಸೋ ಉಪಾಯಕ್ಕೆ ಕೆನಡಾದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ 1937ರಲ್ಲಿ ಪೇಟೆಂಟ್ ತಗೊಂಡ್ರು, ಇವತ್ತಿಗೂ ಮೂಲ ಅದೇ. ಡ್ರೈವರ್ ಹಲ್ಲು ಚೂಪಾಗಿದ್ರೆ, ಮುರಿದಿದ್ರೆ ಬದಲಾಯ್ಸಿ, ಪಿಚ್ ಟ್ರ್ಯಾಕಿಗೆ ಸರಿಯಾಗಿ ಹೊಂದ್ಲೇಬೇಕು. ಟ್ರ್ಯಾಕ್ ಕಿಟಕಿ ಒಳಗೂ ಹಲ್ಲು ಕೂರೋ ಆ್ಯಂಟಿ ರ್ಯಾಚೆಟ್ ಡ್ರೈವರ್ ಇದ್ರೆ ಹಲ್ಲು ಹಾರೋದು ಕಮ್ಮಿ, ಟ್ರ್ಯಾಕನ್ನ ಸ್ವಲ್ಪ ಸಡಿಲ ಇಡೋ ಧೈರ್ಯ ಬರತ್ತೆ, ತಿಕ್ಕಾಟ ತಾನಾಗೇ ಇಳಿಯತ್ತೆ.

ಬ್ರೇಕ್ ಹಿಡ್ಕೊಂಡಿದ್ಯಾ ಅಂತ ಕೂಡ ನೋಡಿ. ಬ್ರೇಕ್ ಬಿಟ್ಟ ಮೇಲೂ ಡಿಸ್ಕ್ ವಿಪರೀತ ಬಿಸಿ ಇದ್ರೆ ಕ್ಯಾಲಿಪರ್ ಅಂಟ್ಕೊಂಡಿದೆ. ಸ್ಲೈಡಿನ ಮುಂಭಾಗ ಸವೀತಾ ಇದ್ರೆ ಮುಂದಿನ ಟ್ರ್ಯಾಕ್ ಶಾಕಿನ ಪ್ರಿಲೋಡ್ ಸ್ವಲ್ಪ ಇಳಿಸಿ ನೋಡಿ. ಲಿಮಿಟರ್ ಸ್ಟ್ರ್ಯಾಪ್ (ಸ್ಕಿಡ್ ಮುಂಭಾಗ ಜಾಸ್ತಿ ಕೆಳಗಿಳಿಯದ ಹಾಗೆ ಹಿಡಿಯೋ ಪಟ್ಟಿ) ಮುಟ್ಟಿದ್ರೆ ಸ್ಕೀ ಮೇಲಿನ ಭಾರನೂ ಬದಲಾಗತ್ತೆ, ಹ್ಯಾಂಡಲಿಂಗ್ ಬೇರೆ ಆಗತ್ತೆ, ಒಂದೊಂದೇ ರಂಧ್ರ ಬದಲಾಯಿಸಿ ಓಡ್ಸಿ ನೋಡಿ.

8. ಓಡಿಸೋ ರೀತಿ

ಗಟ್ಟಿ ಟ್ರೇಲಲ್ಲಿ ಎರಡು ಮೂರು ನಿಮಿಷಕ್ಕೊಂದು ಸಲ ಅಂಚಲ್ಲಿರೋ ಮೆತ್ತನೆ ಸ್ನೋಗೆ ಸ್ಕಿಡ್ ಇಳಿಸಿ ನೂರು ಮೀಟರ್ ಓಡ್ಸಿ. ಅಷ್ಟೇ ಸಾಕು ಸ್ಲೈಡಿಗೆ ನೀರು ಕುಡಿಸಿದ ಹಾಗೆ. ಸುರಕ್ಷಿತ ಜಾಗ, ಓಡ್ಸೋಕೆ ಪರ್ಮಿಷನ್ ಇರೋ ಜಾಗ ನೋಡ್ಕೊಂಡು ಮಾಡಿ.

ಸ್ಪೀಡ್ ಬಗ್ಗೆ ಖಡಾಖಂಡಿತವಾಗಿ ಹೇಳ್ತೀನಿ, ಉದ್ದ ಲಗ್ಗಿನ ಟ್ರ್ಯಾಕಲ್ಲಿ ಗಟ್ಟಿ ನೆಲದ ಮೇಲೆ ಹೊತ್ತುಗಟ್ಲೆ ಟಾಪ್ ಸ್ಪೀಡ್ ಹೋಗ್ಲೇಬೇಡಿ. ಪ್ರತಿ ಸುತ್ತಲ್ಲೂ ಲಗ್ ಬಗ್ಗಿ ಎದ್ದು ಬಗ್ಗಿ ಎದ್ದು ಒಳಗಡೆ ಬಿಸಿ ಆಗತ್ತೆ, ತಣ್ಣಗಾಗೋಕೆ ಸ್ನೋ ಇಲ್ಲ, ಕೊನೆಗೆ ಲಗ್ಗುಗಳೇ ಕಿತ್ಕೊಂಡು ಹಾರತ್ತೆ. ಮ್ಯಾನ್ಯುಯಲ್ಲಲ್ಲಿ ಕಂಪನಿಯೋರೂ ಇದನ್ನ ಎಚ್ಚರಿಕೆ ಅಂತ ಬರೆದಿರ್ತಾರೆ. ಜಲ್ಲಿ, ಡಾಂಬರು ರೋಡ್ ದಾಟಬೇಕಾದ್ರೆ ನಿಧಾನಕ್ಕೆ, ಟ್ರ್ಯಾಕ್ ಸ್ಪಿನ್ ಆಗದ ಹಾಗೆ.

ಬಿಸಿ ಸ್ಲೈಡ್ ಇರುವಾಗ ಒಂದೇ ಸಲ ನಿಲ್ಸಿದ್ರೆ ಮೆತ್ತಗಾದ ಪ್ಲಾಸ್ಟಿಕ್ ಕ್ಲಿಪ್ಪಿಗೆ ಅಂಟ್ಕೊಳತ್ತೆ. ನಿಲ್ಸೋಕೆ ಮುಂಚೆ ಮೆತ್ತನೆ ಸ್ನೋನಲ್ಲಿ ಒಂದು ಸುತ್ತು ಹಾಕಿ ನಿಲ್ಸಿ. ರಾತ್ರಿ ಹೊರಗೆ ನಿಲ್ಸೋದಾದ್ರೆ ಸ್ಕಿಡ್ಡಲ್ಲಿರೋ ಸ್ನೋ ಬಡಿದು ಉದುರಿಸಿ, ಟ್ರ್ಯಾಕ್ ಅಡಿಗೆ ಮರದ ದಿಮ್ಮಿ ಕೊಡಿ. ಬೆಳಗ್ಗೆ ಹೆಪ್ಪುಗಟ್ಟಿದ್ರೆ ಹಿಂದಿನ ಬಂಪರ್ ಹಿಡಿದು ಎತ್ತಿ ಬಿಡಿ, ಪಕ್ಕಕ್ಕೆ ಅಲ್ಲಾಡ್ಸಿ, ಟ್ರ್ಯಾಕ್ ಬಿಟ್ಕೊಂಡ್ಮೇಲೆ ಮಾತ್ರ ಆಕ್ಸಿಲರೇಟರ್. ಅಂಟಿರೋ ಟ್ರ್ಯಾಕನ್ನ ಇಂಜಿನ್ ಬಲದಲ್ಲಿ ಕಿತ್ರೆ ಡ್ರೈವರ್ ಹಲ್ಲೂ ಬೆಲ್ಟೂ ಒಟ್ಟಿಗೆ ಪೆಟ್ಟು ತಿನ್ನತ್ತೆ.

9. ಫರಕ್ ಆಯ್ತಾ ಅಂತ ಅಳೀರಿ

ಒಂದು ಸಮತಟ್ಟು ಜಾಗ ಆರಿಸ್ಕೊಳ್ಳಿ, ಒಂದೇ ಸ್ಪೀಡಲ್ಲಿ ಬಂದು, ಉದಾಹರಣೆಗೆ ಗಂಟೆಗೆ 40 ಕಿ.ಮೀ., ಗುರುತಿನ ಹತ್ರ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗಾಡಿ ಎಷ್ಟು ದೂರ ಜಾರ್ಕೊಂಡು ಹೋಗಿ ನಿಲ್ಲತ್ತೆ ಅಂತ ಹೆಜ್ಜೆ ಎಣಿಸಿ. ಎರಡೂ ದಿಕ್ಕಲ್ಲಿ ಮೂರು ಮೂರು ಸಲ. ಟೆನ್ಷನ್ ಸರಿ ಮಾಡಿ ಅದೇ ದಿನ ಅದೇ ಜಾಗದಲ್ಲಿ ಮತ್ತೆ ಮಾಡಿ, ಯಾಕಂದ್ರೆ ಸ್ನೋ ಬದಲಾದ್ರೆ ಹೋಲಿಕೆ ಕೆಟ್ಟುಹೋಗತ್ತೆ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ರೆ ಟ್ರೇಲಲ್ಲಿ ನಿಲ್ಸಿದ ತಕ್ಷಣ ಎರಡೂ ಸ್ಲೈಡ್, ಪ್ರತಿ ವೀಲ್ ನಡುಭಾಗ, ಬ್ರೇಕ್ ಡಿಸ್ಕ್ ಎಲ್ಲಾ ಅಳೆದು ಬರೆದಿಡಿ. ಒಂದು ಕಡೆ ಸ್ಲೈಡ್ ಇನ್ನೊಂದಕ್ಕಿಂತ ಬಿಸಿ ಇದ್ರೆ ಅಲೈನ್ಮೆಂಟಿಗೆ ವಾಪಸ್ ಹೋಗಿ, ಒಂದೇ ವೀಲ್ ಬಿಸಿ ಇದ್ರೆ ಆ ಬೇರಿಂಗ್ ತೆಗೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಟೆನ್ಷನ್ನೂ ಪ್ರಿಲೋಡೂ ಒಟ್ಟಿಗೆ ತಿರುಗ್ಸಿದ್ರೆ ಯಾವುದರಿಂದ ಹಗುರ ಆಯ್ತು ಅಂತ ಗೊತ್ತಾಗಲ್ಲ.

ಸೀಸನ್ ಮುಗಿದ್ಮೇಲೆ ಸ್ಕಿಡ್ ತೊಳೆದು ಒಣಗಿಸಿ, ಹಿಂಭಾಗ ಎತ್ತಿ ಟ್ರ್ಯಾಕ್ ಮೇಲೆ ಭಾರ ಬೀಳದ ಹಾಗೆ, ಬಿಸಿಲು ತಾಗದ ಜಾಗದಲ್ಲಿ ಇಡಿ, ಟೆನ್ಷನ್ ಸ್ವಲ್ಪ ಸಡಿಲ ಮಾಡಿಟ್ರೆ ಒಳ್ಳೇದು. ಸಡಿಲ ಮಾಡಿದ್ರೆ ಹ್ಯಾಂಡಲ್ ಬಾರಿಗೆ ಒಂದು ಚೀಟಿ ಕಟ್ಟಿ, ಮುಂದಿನ ಸೀಸನ್ ಮೊದಲ ಸ್ನೋ ಬಿದ್ದ ದಿನ ಖುಷೀಲಿ ಹತ್ತಿ ಹೊರಡೋ ಮುಂಚೆ ಆ ಚೀಟಿ ಕಣ್ಣಿಗೆ ಬೀಳ್ಬೇಕು.